ಹೆಸರು ಸಿಗದ ಕೀಲುನೋವು: ಅಮೀನಗಡ ಸೀಮೆಯಿಂದ ಒಂದು ಸಮೀಕ್ಷೆ

ಮೂರು ತಿಂಗಳು ದಾಟಿಯೂ ಬಿಡದ ನೋವನ್ನು ವೈದ್ಯಶಾಸ್ತ್ರ ದೀರ್ಘಕಾಲಿಕ ನೋವು ಎಂದು ಗುರುತಿಸುತ್ತದೆ. ಅಂಥ ನೋವು ಕೀಲುಗಳಲ್ಲಿ ನೆಲೆಸಿ, ರಕ್ತಪರೀಕ್ಷೆ ಮತ್ತು ಎಕ್ಸ್‌ರೇ ಎರಡೂ ‘ನಾರ್ಮಲ್’ ಎಂದು ಬಂದಾಗ ರೋಗಿಯ ಮೇಲೆ ಎರಡು ಹೊರೆ ಬೀಳುತ್ತವೆ. ಒಂದು, ನೋವನ್ನು ಸಹಿಸುವುದು. ಇನ್ನೊಂದು, ನೋವು ನಿಜವೆಂದು ಮನೆಯವರಿಗೂ ವೈದ್ಯರಿಗೂ ನಂಬಿಸುವುದು. ಬಾಗಲಕೋಟೆ ಜಿಲ್ಲೆಯ ಅಮೀನಗಡ, ಹುನಗುಂದ, ಇಳಕಲ್, ಬಾದಾಮಿ ಭಾಗದಲ್ಲಿ ಮೊಣಕಾಲು ಬ್ಯಾನಿ, ಸಂದು ಬ್ಯಾನಿ, ಟೊಂಕದ ಬ್ಯಾನಿ ಎಂಬ ಮಾತುಗಳು ದಿನಬಳಕೆಯವು. ಇಲ್ಲಿ ಒಂದೇ ಬಗೆಯ ನೋವಿಗೆ ಹಲವು ಕಾರಣಗಳು ಒಟ್ಟಿಗೆ ಇರಬಲ್ಲವು: ಕೊಳವೆಬಾವಿಯ ನೀರು, ಮಗ್ಗ ಮತ್ತು ಕಲ್ಲುಗಣಿಯ ದುಡಿಮೆ, ಕುರಿ ಸಾಕಣೆಯಿಂದ ತಗಲುವ ಸೋಂಕು, ಸೊಳ್ಳೆ ತಂದ ಜ್ವರ, ದೇಹದ ರೋಗನಿರೋಧಕ ವ್ಯವಸ್ಥೆಯ ದೋಷ, ವಂಶ ಮತ್ತು ವಯಸ್ಸು. ಈ ಪ್ರತಿಯೊಂದು ಕಾರಣದ ಹಿಂದೆಯೂ ಒಂದು ವಿಚಾರಪಂಥವಿದೆ, ಅದಕ್ಕೊಂದು ಇತಿಹಾಸವಿದೆ. ಯಾವುದೂ ಒಂಟಿಯಾಗಿ ಇಡೀ ಪ್ರಶ್ನೆಗೆ ಉತ್ತರವಾಗುವುದಿಲ್ಲ.

ವಾತದಿಂದ ಪ್ರಯೋಗಾಲಯದವರೆಗೆ

ಕೀಲುನೋವನ್ನು ವಿಂಗಡಿಸುವ ಯತ್ನ ಈ ನೆಲದಲ್ಲಿ ಹಳೆಯದು. ಚರಕಸಂಹಿತೆ ವಾತರಕ್ತವನ್ನು ಪ್ರತ್ಯೇಕವಾಗಿ ವಿವರಿಸಿತು. ಸುಮಾರು 7–8ನೇ ಶತಮಾನದ ಮಾಧವನಿದಾನದಲ್ಲಿ ಆಮವಾತಕ್ಕೆ ಒಂದು ಸ್ವತಂತ್ರ ಅಧ್ಯಾಯವೇ ಇದೆ. ಸರಿಯಾಗಿ ಪಚನವಾಗದ ‘ಆಮ’ವು ವಾತದೊಂದಿಗೆ ಸೇರಿ ಕೀಲುಗಳಲ್ಲಿ ನಿಂತು ಬಾವು ತರುತ್ತದೆ ಎಂಬುದು ಅಲ್ಲಿನ ವಿವರಣೆ. ಬಾವು ಇರುವ ಕೀಲುನೋವು ಬೇರೆ, ಸವೆತದಿಂದ ಬರುವ ಸಂಧಿಗತವಾತ ಬೇರೆ ಎಂಬ ಆಯುರ್ವೇದದ ಭೇದ ಇಂದಿನ ವಿಂಗಡಣೆಗೂ ಹತ್ತಿರದ್ದು. ಹಳ್ಳಿಗಳಲ್ಲಿ ಇಂದಿಗೂ ಕೇಳುವ ‘ವಾಯು ಹಿಡದೈತಿ’ ಎಂಬ ಮಾತು ಈ ಪರಂಪರೆಯ ಮುಂದುವರಿಕೆ.

ಯುರೋಪಿನಲ್ಲಿ 1800ರಲ್ಲಿ ಫ್ರಾನ್ಸಿನ ಲಾಂಡ್ರೆ-ಬೋವೆ, ಗೌಟ್‌ಗಿಂತ ಭಿನ್ನವಾಗಿ ಹೆಚ್ಚಾಗಿ ಹೆಂಗಸರನ್ನು ಕಾಡುವ ಕೀಲುಬಾವನ್ನು ವರ್ಣಿಸಿದ. ಇಂಗ್ಲೆಂಡಿನ ಆಲ್ಫ್ರೆಡ್ ಗ್ಯಾರಡ್ 1848ರಲ್ಲಿ ಗೌಟ್ ರೋಗಿಗಳ ರಕ್ತದಲ್ಲಿ ಯೂರಿಕ್ ಆಮ್ಲ ಹೆಚ್ಚಿರುವುದನ್ನು ತೋರಿಸಿ, 1859ರಲ್ಲಿ ಎರಡನೆಯ ಬಗೆಗೆ ರುಮಟಾಯ್ಡ್ ಆರ್ಥ್ರೈಟಿಸ್ ಎಂಬ ಹೆಸರು ಕೊಟ್ಟ. 1940ರಲ್ಲಿ ನಾರ್ವೆಯ ಎರಿಕ್ ವಾಲರ್ ರುಮಟಾಯ್ಡ್ ಫ್ಯಾಕ್ಟರ್ ಎಂಬ ರಕ್ತದ ಗುರುತನ್ನು ಕಂಡರು. 1948ರಲ್ಲಿ ಅಮೆರಿಕದ ಫಿಲಿಪ್ ಹೆಂಚ್ ಹಾಸಿಗೆ ಹಿಡಿದ ರೋಗಿಗೆ ಕಾರ್ಟಿಸೋನ್ ಎಂಬ ಸ್ಟೆರಾಯ್ಡ್ ಕೊಟ್ಟಾಗ ಕೆಲವೇ ದಿನಗಳಲ್ಲಿ ಆಕೆ ಎದ್ದು ಓಡಾಡಿದಳು; 1950ರಲ್ಲಿ ಆ ಕೆಲಸಕ್ಕೆ ನೊಬೆಲ್ ಸಂದಿತು. ಸ್ಟೆರಾಯ್ಡ್‌ನ ಶಕ್ತಿ ಮತ್ತು ಅದರ ದುರುಪಯೋಗ, ಎರಡಕ್ಕೂ ಅಲ್ಲಿಂದಲೇ ದಾರಿ ತೆರೆಯಿತು.

ಭಾರತದ ಹಳ್ಳಿಗಳಲ್ಲಿ ಕೀಲುನೋವು ಎಷ್ಟಿದೆ ಎಂಬುದಕ್ಕೆ ಗಟ್ಟಿಯಾದ ಉತ್ತರ ಸಿಗಲು 1996ರವರೆಗೆ ಕಾಯಬೇಕಾಯಿತು. ಆ ವರ್ಷ ಪುಣೆ ಜಿಲ್ಲೆಯ ಭಿಗ್ವಣದಲ್ಲಿ ಡಾ. ಅರವಿಂದ ಚೋಪ್ರಾ ತಂಡ ಮನೆಮನೆ ಸಮೀಕ್ಷೆ ಶುರುಮಾಡಿತು. ವಯಸ್ಕರಲ್ಲಿ ಶೇ. 18ರಷ್ಟು ಮಂದಿಗೆ ಕೀಲು–ಸ್ನಾಯುಗಳ ನೋವಿತ್ತು. ಸವೆತದ ಸಂಧಿವಾತ ಶೇ. 6ರ ಸಮೀಪ, ರುಮಟಾಯ್ಡ್ ಶೇ. 0.5ರಷ್ಟು. ನೋವಿದ್ದವರಲ್ಲಿ ದೊಡ್ಡ ಪಾಲು ಖಚಿತ ಹೆಸರಿನ ಯಾವ ಕೀಲುರೋಗದ ಚೌಕಟ್ಟಿನಲ್ಲಿಯೂ ಕೂರಲಿಲ್ಲ. ಹೆಸರು ಸಿಗದ ನೋವು ಅಪರೂಪದ ದುರದೃಷ್ಟವಲ್ಲ, ಗ್ರಾಮೀಣ ಭಾರತದ ಸಾಮಾನ್ಯ ಸ್ಥಿತಿ ಎಂಬುದು ಆ ಸಮೀಕ್ಷೆಯಿಂದ ಹೊರಟ ಮುಖ್ಯ ಪಾಠ.

ಸವೆತ ಮತ್ತು ದುಡಿಮೆಯ ವಾದ

ಮೊದಲ ಪಂಥದ ಪ್ರಕಾರ ಕೀಲು ನೋಯುವುದು ಅದನ್ನು ದುಡಿಸಿದ ರೀತಿಯಿಂದ. ಅಮೀನಗಡದ ಸುತ್ತಲಿನ ಊರುಗಳಲ್ಲಿ ಈ ವಾದಕ್ಕೆ ಸಾಕಷ್ಟು ಆಧಾರವಿದೆ. ಇಳಕಲ್ ಸೀರೆ, ಗುಳೇದಗುಡ್ಡದ ಖಣ, ಕಮತಗಿ ಮತ್ತು ಸೂಳೇಭಾವಿಯ ನೇಯ್ಗೆ ಈ ಸೀಮೆಯ ಹಳೆಯ ಕಸುಬುಗಳು. ಕುಣಿ ಮಗ್ಗದಲ್ಲಿ ನೇಕಾರ ನೆಲದ ಮಟ್ಟಕ್ಕೆ ಕುಳಿತು ಕಾಲುಗಳನ್ನು ಕುಣಿಯೊಳಗೆ ಇಳಿಬಿಟ್ಟು ತುಳಿಯುವ ಪಾವಟಿಗೆಗಳನ್ನು ಒಂದಾದ ಮೇಲೊಂದು ಒತ್ತುತ್ತಾನೆ. ಒಂದು ಕೈ ಲಾಳಿಯ ಹಗ್ಗವನ್ನು ಜಗ್ಗುತ್ತದೆ, ಇನ್ನೊಂದು ಕೈ ಹಲಗೆಯನ್ನು ಎದೆಯ ಕಡೆ ಎಳೆದು ಹೊಡೆಯುತ್ತದೆ. ಕಣ್ಣು ಎಳೆಯ ಮೇಲೆ, ಕುತ್ತಿಗೆ ಬಗ್ಗಿದ್ದು ಬಗ್ಗಿದಂತೆ. ಒಂದು ಭುಜ, ಒಂದು ಮಣಿಕಟ್ಟು, ಸೊಂಟದ ಕೆಳಭಾಗ ಮತ್ತು ಕುತ್ತಿಗೆ ದಿನಕ್ಕೆ ಸಾವಿರಾರು ಸಲ ಅದೇ ಚಲನೆಗೆ ಒಳಗಾಗುತ್ತವೆ. ಮನೆಯ ಹೆಂಗಸರು ಕಂಡಿಕೆ ಸುತ್ತುವ, ಎಳೆ ಕೂಡಿಸುವ ಕೆಲಸವನ್ನು ತುದಿಗಾಲಲ್ಲಿ ಅಥವಾ ಚಕ್ಕಳಮಕ್ಕಳ ಕುಳಿತು ಮಾಡುತ್ತಾರೆ. ಕಳೆ ಕೀಳುವುದು, ರೊಟ್ಟಿ ಬಡಿಯುವುದು, ನೀರು ಹೊರುವುದು ಅದರ ಮೇಲೆ.

ಇಳಕಲ್ಲಿನ ಕೆಂಪು ಗ್ರಾನೈಟ್ ದೇಶದ ಹೊರಗೂ ಹೆಸರಾದದ್ದು. ಕಲ್ಲು ಕೊರೆಯುವ ಯಂತ್ರ ಹಿಡಿದವರ ಕೈಗೆ ನಿರಂತರ ಕಂಪನ ತಾಕುತ್ತದೆ. ವರ್ಷಗಟ್ಟಲೆ ಇದು ಮುಂದುವರಿದರೆ ಬೆರಳುಗಳ ರಕ್ತನಾಳ ಮತ್ತು ನರಗಳು ಕೆಡುತ್ತವೆ, ಚಳಿಗೆ ಬೆರಳು ಬಿಳಚಿಕೊಳ್ಳುತ್ತವೆ, ಜೋಮು ಹಿಡಿಯುತ್ತದೆ.

ಸವೆತದ ಸಂಧಿವಾತದ ಲಕ್ಷಣ ಸ್ಪಷ್ಟ: ಕೆಲಸ ಮಾಡಿದಷ್ಟೂ ನೋವು ಹೆಚ್ಚುತ್ತದೆ, ವಿಶ್ರಾಂತಿಗೆ ತಗ್ಗುತ್ತದೆ, ಬೆಳಗಿನ ಬಿಗಿತ ಅರ್ಧ ಗಂಟೆಯೊಳಗೆ ಬಿಡುತ್ತದೆ. ಆದರೆ 1957ರಲ್ಲಿ ಕೆಲ್‌ಗ್ರೆನ್ ಮತ್ತು ಲಾರೆನ್ಸ್ ಎಕ್ಸ್‌ರೇ ನೋಡಿ ಸವೆತವನ್ನು ಶ್ರೇಣೀಕರಿಸುವ ಪದ್ಧತಿ ರೂಪಿಸಿದಂದಿನಿಂದ ಒಂದು ತೊಡಕು ಉಳಿದೇ ಇದೆ. ಚಿತ್ರದಲ್ಲಿ ಕೀಲು ಪೂರ್ತಿ ಸವೆದವರು ಓಡಾಡಿಕೊಂಡಿರುತ್ತಾರೆ, ಚಿತ್ರ ಸ್ವಚ್ಛವಾಗಿರುವವರು ನರಳುತ್ತಾರೆ. ಮೂವತ್ತರ ಹರೆಯದಲ್ಲಿ ಹತ್ತಾರು ಕೀಲು ಒಟ್ಟಿಗೆ ನೋಯುವುದನ್ನು ಸವೆತದಿಂದ ವಿವರಿಸಲಾಗದು. ‘ವಯಸ್ಸಾತು, ಇಷ್ಟ’ ಎಂದು ತಳ್ಳಿಹಾಕಿದ ಪ್ರಕರಣಗಳಲ್ಲಿ ಬೇರೆ ರೋಗಗಳು ತಪ್ಪಿಸಿಕೊಳ್ಳುವುದು ಇಲ್ಲಿಯೇ.

ನೀರಿನ ವಾದ

ಬಾಗಲಕೋಟೆ ಕರ್ನಾಟಕದ ಫ್ಲೋರೈಡ್ ಬಾಧಿತ ಜಿಲ್ಲೆಗಳಲ್ಲಿ ಒಂದು. ಕಾರಣ ನೆಲದೊಳಗಿದೆ. ಬಾದಾಮಿ, ಐಹೊಳೆ ಕಡೆ ಮರಳುಗಲ್ಲು ಹರಡಿದ್ದರೆ, ಹುನಗುಂದ–ಇಳಕಲ್ ಕಡೆಗೆ ಹೋದಂತೆ ಗ್ರಾನೈಟ್ ಮತ್ತು ನೈಸ್ ಶಿಲೆಗಳು ಬರುತ್ತವೆ. ಇಂಥ ಶಿಲೆಗಳಲ್ಲಿ ಫ್ಲೋರೈಟ್, ಅಪಟೈಟ್, ಬಯೊಟೈಟ್ ಖನಿಜಗಳಿರುತ್ತವೆ. ಮಳೆ ಕಡಿಮೆ, ಬಿಸಿಲು ಹೆಚ್ಚು. ಆಳದ ಬಿರುಕುಗಳಲ್ಲಿ ದೀರ್ಘಕಾಲ ನಿಂತ, ಸೋಡಾ ಅಂಶ ಹೆಚ್ಚು ಮತ್ತು ಕ್ಯಾಲ್ಸಿಯಂ ಕಡಿಮೆ ಇರುವ ನೀರು ಕಲ್ಲಿನಿಂದ ಫ್ಲೋರೈಡನ್ನು ಬಿಡಿಸಿಕೊಳ್ಳುತ್ತದೆ. ಬಾವಿ ಬತ್ತಿ ಕೊಳವೆಬಾವಿ ಬಂದಂತೆ ಜನ ಕುಡಿಯುವ ನೀರಿನ ಗುಣವೂ ಬದಲಾಯಿತು.

ಭಾರತದಲ್ಲಿ ಫ್ಲೋರೋಸಿಸ್ 1937ರಲ್ಲಿ ಮದ್ರಾಸ್ ಪ್ರಾಂತದ ನೆಲ್ಲೂರು ಭಾಗದಿಂದ ವರದಿಯಾಯಿತು. ದೇಶದ ಮಾನದಂಡದಂತೆ ಒಂದು ಲೀಟರ್ ನೀರಿನಲ್ಲಿ ಫ್ಲೋರೈಡ್ 1 ಮಿಲಿಗ್ರಾಂ ಮೀರಬಾರದು. ಬೇರೆ ಮೂಲವೇ ಇಲ್ಲದಾಗ 1.5 ಮಿಲಿಗ್ರಾಂ ತನಕ ಒಪ್ಪಬಹುದು. ಇದನ್ನು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದಾಗ ಫ್ಲೋರೈಡ್ ಮೂಳೆಯಲ್ಲಿ ಶೇಖರಗೊಳ್ಳುತ್ತದೆ. ಮೊದಲು ಸೊಂಟ, ಕುತ್ತಿಗೆ, ಮೊಣಕಾಲುಗಳಲ್ಲಿ ಗೊತ್ತುಗುರಿಯಿಲ್ಲದ ನೋವು ಮತ್ತು ಬಿಗಿತ. ಆಮೇಲೆ ಮೂಳೆ ದಟ್ಟವಾಗುವುದು, ಕೀಲುಗಳ ಸುತ್ತಲಿನ ಕಟ್ಟುಗಳಲ್ಲಿ ಸುಣ್ಣ ಕೂರುವುದು. ಕೊನೆಯ ಹಂತದಲ್ಲಿ ಬೆನ್ನು ಬಾಗಿ, ನರಗಳು ಒತ್ತಿಹೋಗುತ್ತವೆ.

ಪತ್ತೆಯ ದಾರಿ ಸರಳ. ಮಂಡಿ ಮಡಚದೆ ಬಗ್ಗಿ ಕಾಲ್ಬೆರಳು ಮುಟ್ಟುವುದು, ಗದ್ದವನ್ನು ಎದೆಗೆ ತಾಗಿಸುವುದು, ಎರಡೂ ಕೈಗಳನ್ನು ತಲೆಯ ಹಿಂದೆ ಕಟ್ಟುವುದು: ಈ ಮೂರರಲ್ಲಿ ಕಷ್ಟವಾದರೆ ಅನುಮಾನ ಬರಬೇಕು. ಮುಂಗೈಯ ಎಕ್ಸ್‌ರೇಯಲ್ಲಿ ಎರಡು ಎಲುಬುಗಳ ನಡುವಿನ ಪೊರೆ ಸುಣ್ಣಗಟ್ಟಿ, ಎಲುಬಿನ ಅಂಚು ಮುಳ್ಳುಮುಳ್ಳಾಗಿ ಕಾಣುವುದು ಇದರ ಪ್ರಮುಖ ಗುರುತು. ಮೂತ್ರದ ಮತ್ತು ಮನೆಯ ನೀರಿನ ಫ್ಲೋರೈಡ್ ಅಳತೆ ಅದನ್ನು ಗಟ್ಟಿಮಾಡುತ್ತದೆ. ಹಲ್ಲಿನ ಕಂದು ಪಟ್ಟೆಗಳನ್ನು ಮಾತ್ರ ನಂಬುವಂತಿಲ್ಲ. ಹಲ್ಲು ರೂಪುಗೊಳ್ಳುವ ಬಾಲ್ಯದಲ್ಲಿ ಆ ನೀರು ಕುಡಿದವರಿಗಷ್ಟೇ ಪಟ್ಟೆ ಬರುತ್ತದೆ. ಒಳ್ಳೆಯ ನೀರಿನ ಊರಿನಿಂದ ಸೊಸೆಯಾಗಿ ಬಂದವಳ ಹಲ್ಲು ಶುಭ್ರವಾಗಿದ್ದೂ ಮೂಳೆ ಕೆಟ್ಟಿರಬಹುದು.

ಈ ಸೀಮೆಗೆ ಮುಖ್ಯವಾದ ಇನ್ನೊಂದು ಸಂಗತಿ ಊಟದ್ದು. 1977ರಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಸಂಶೋಧಕರು ಅನ್ನದ ಊಟಕ್ಕಿಂತ ಜೋಳದ ಊಟದಲ್ಲಿ ದೇಹ ಹೆಚ್ಚು ಫ್ಲೋರೈಡ್ ಉಳಿಸಿಕೊಳ್ಳುತ್ತದೆ ಎಂದು ವರದಿ ಮಾಡಿದರು. ಜೋಳದ ರೊಟ್ಟಿಯೇ ಮುಖ್ಯ ಆಹಾರವಾದ ನಾಡಿನಲ್ಲಿ ಇದು ಇನ್ನೂ ವಿಸ್ತಾರವಾದ ಪರೀಕ್ಷೆಗೆ ಅರ್ಹ. ಜೋಳ ಬಿಡಬೇಕೆಂಬುದು ಇದರ ಅರ್ಥವಲ್ಲ. ನೀರು ಸರಿಯಾಗಬೇಕೆಂಬುದು ಅರ್ಥ.

ಕೇಂದ್ರ ಸರ್ಕಾರ 2008–09ರಲ್ಲಿ ಫ್ಲೋರೋಸಿಸ್ ತಡೆ ಮತ್ತು ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ ಆರಂಭಿಸಿತು. ನದಿನೀರಿನ ಬಹುಗ್ರಾಮ ಯೋಜನೆಗಳು, ಶುದ್ಧ ನೀರಿನ ಘಟಕಗಳು ಬಂದವು. ಆದರೂ ಒಂದು ಕಿಂಡಿ ಉಳಿದಿದೆ. ಕ್ಯಾನಿನ ನೀರು ಕುಡಿಯಲು ಮಾತ್ರ. ಬೇಳೆ, ಅನ್ನ, ಚಹಾ ಬೇಯುವುದು ಕೊಳವೆಬಾವಿ ನೀರಿನಲ್ಲೇ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಸಾಂದ್ರವಾಗುತ್ತದೆ.

ನೀರಿನ ವಾದದ ಮಿತಿಯನ್ನೂ ಹೇಳಬೇಕು. ಒಂದೇ ಬೋರಿನ ನೀರು ಕುಡಿದ ಓಣಿಯಲ್ಲಿ ಕೆಲವರಿಗಷ್ಟೇ ನೋವು ಏಕೆ? ಪ್ರಮಾಣ, ಅವಧಿ, ಪೋಷಣೆ, ಮೂತ್ರಪಿಂಡದ ಸ್ಥಿತಿ ಇವೆಲ್ಲ ಸೇರಿ ಅರ್ಧ ಉತ್ತರ ಕೊಡುತ್ತವೆ. ಊರಲ್ಲಿ ಫ್ಲೋರೈಡ್ ಇದೆ ಎಂದಮಾತ್ರಕ್ಕೆ ಬೆರಳುಗಂಟು ಊದಿಕೊಂಡವರಿಗೂ ಅದೇ ಹಣೆಪಟ್ಟಿ ಹಚ್ಚಿದರೆ ಚಿಕಿತ್ಸೆಯಿರುವ ರೋಗವೊಂದು ಕೈತಪ್ಪುತ್ತದೆ.

ಸೋಂಕಿನ ವಾದ

ಮೂರನೆಯ ಪಂಥ ನೋವಿನ ಮೂಲವನ್ನು ಹಿಂದೆಂದೋ ಬಂದುಹೋದ ಅಥವಾ ಒಳಗೇ ಉಳಿದ ಸೋಂಕಿನಲ್ಲಿ ಹುಡುಕುತ್ತದೆ. 2006ರ ಚಿಕೂನ್‌ಗುನ್ಯಾ ಇದಕ್ಕೆ ದೊಡ್ಡ ಸಾಕ್ಷಿ. 1973ರ ಸೋಲಾಪುರ ಜಿಲ್ಲೆಯ ಬಾರ್ಶಿ ಸ್ಫೋಟದ ನಂತರ ಮೂರು ದಶಕ ಹೆಚ್ಚುಕಡಿಮೆ ಮರೆಯಾಗಿದ್ದ ಈ ವೈರಾಣು 2005ರ ಕೊನೆಗೆ ಮರಳಿತು. 2006ರಲ್ಲಿ ದೇಶದಲ್ಲಿ ದಾಖಲಾದ ಸುಮಾರು 13.9 ಲಕ್ಷ ಶಂಕಿತ ಪ್ರಕರಣಗಳಲ್ಲಿ ಏಳೂವರೆ ಲಕ್ಷ ಕರ್ನಾಟಕದವು. ಓಣಿಗೆ ಓಣಿಯೇ ಕುಂಟುತ್ತ ನಡೆದ ಆ ವರ್ಷ ಉತ್ತರ ಕರ್ನಾಟಕದ ಜನರ ನೆನಪಿನಲ್ಲಿ ಇನ್ನೂ ಇದೆ. ಜ್ವರ ವಾರದಲ್ಲಿ ಬಿಟ್ಟಿತು, ಕೀಲುನೋವು ಕೆಲವರಲ್ಲಿ ತಿಂಗಳು, ಕೆಲವರಲ್ಲಿ ವರ್ಷಗಳವರೆಗೆ ಉಳಿಯಿತು. ಈ ನೋವು ಕೆಲವೊಮ್ಮೆ ರುಮಟಾಯ್ಡ್‌ನಂತೆಯೇ ಕಾಣುತ್ತದೆ, ಹೀಗಾಗಿ ಎರಡನ್ನು ಬೇರ್ಪಡಿಸುವುದು ವೈದ್ಯರಿಗೂ ಕಷ್ಟ.

ಬ್ರುಸೆಲ್ಲೋಸಿಸ್ ಈ ಭಾಗದಲ್ಲಿ ಮರೆಯಬಾರದ ಕಾಯಿಲೆ. 1887ರಲ್ಲಿ ಡೇವಿಡ್ ಬ್ರೂಸ್ ಮಾಲ್ಟಾ ದ್ವೀಪದಲ್ಲಿ ಇದರ ಜೀವಾಣುವನ್ನು ಗುರುತಿಸಿದ. ಆಡಿನ ಹಸಿ ಹಾಲಿನಿಂದ ಹರಡುತ್ತದೆಂದು 1905ರಲ್ಲಿ ತೆಮಿಸ್ಟೊಕ್ಲಿಸ್ ಜಮಿತ್ ತೋರಿಸಿದ. ಕುರಿ ಸಂತೆಗೆ ಹೆಸರಾದ ಅಮೀನಗಡ ಮತ್ತು ಸುತ್ತಲಿನ ಕುರಿಗಾರರ ಊರುಗಳಲ್ಲಿ ಈ ಮಾಹಿತಿಗೆ ನೇರ ಮಹತ್ವವಿದೆ. ಕಂದು ಹಾಕಿದ ಕುರಿಯ ಮಾಸನ್ನು ಬರಿಗೈಯಲ್ಲಿ ತೆಗೆಯುವುದು, ಕಾಯಿಸದ ಹಾಲು ಕುಡಿಯುವುದು ಸೋಂಕಿನ ದಾರಿಗಳು. ಪಕ್ಕದ ವಿಜಯಪುರದಲ್ಲಿ ಸೂಕ್ಷ್ಮಜೀವಿ ತಜ್ಞ ಡಾ. ಬಿ.ಜಿ. ಮಂಟೂರ ಮತ್ತು ಸಂಗಡಿಗರು 16 ವರ್ಷಗಳ ಪ್ರಕರಣಗಳನ್ನು ಒಟ್ಟುಗೂಡಿಸಿ 2006ರಲ್ಲಿ ಪ್ರಕಟಿಸಿದರು. ಜ್ವರ, ಕೀಲುನೋವು, ಸೊಂಟನೋವು ಅಲ್ಲಿನ ಮುಖ್ಯ ದೂರುಗಳು. ಕೇಳದಿದ್ದರೆ ಸಿಗದ ರೋಗವಿದು: ಸಾಮಾನ್ಯ ರಕ್ತಪರೀಕ್ಷೆಯಲ್ಲಿ ಕಾಣುವುದಿಲ್ಲ, ಪ್ರತ್ಯೇಕವಾಗಿ ಬ್ರುಸೆಲ್ಲಾ ಪರೀಕ್ಷೆ ಬರೆಯಬೇಕು. ಸಿಕ್ಕರೆ ಎರಡು ಆ್ಯಂಟಿಬಯೊಟಿಕ್‌ಗಳ ಆರು ವಾರಗಳ ಕೋರ್ಸ್‌ಗೆ ಸಾಮಾನ್ಯವಾಗಿ ಗುಣವಾಗುತ್ತದೆ.

ಕ್ಷಯ ಬೆನ್ನೆಲುಬಿಗೂ ಬರುತ್ತದೆ. ರಾತ್ರಿ ನೋವು, ಸಂಜೆ ಜ್ವರ, ತೂಕ ಇಳಿಕೆ ಇದ್ದರೆ ತಡಮಾಡುವಂತಿಲ್ಲ. ಮಕ್ಕಳಲ್ಲಿ ಒಂದು ಕೀಲಿನಿಂದ ಇನ್ನೊಂದಕ್ಕೆ ಹಾರುವ ನೋವು ಸಂಧಿವಾತ ಜ್ವರದ್ದಾಗಿರಬಹುದು. ಅಲ್ಲಿ ಅಪಾಯ ಕೀಲಿಗಿಂತ ಹೃದಯದ ಕವಾಟಗಳಿಗೆ.

ರೋಗನಿರೋಧಕ ವ್ಯವಸ್ಥೆಯ ವಾದ

ನಾಲ್ಕನೆಯ ಪಂಥದ ಪ್ರಕಾರ ದೇಹವನ್ನು ಕಾಯಬೇಕಾದ ವ್ಯವಸ್ಥೆಯೇ ಕೀಲಿನ ಒಳಪೊರೆಯ ಮೇಲೆ ತಿರುಗಿ ಬೀಳುತ್ತದೆ. ರುಮಟಾಯ್ಡ್, ಲೂಪಸ್, ಸೋರಿಯಾಸಿಸ್ ಸಂಬಂಧಿತ ಸಂಧಿವಾತ, ಬೆನ್ನೆಲುಬು ಬೆಸೆದುಕೊಳ್ಳುವ ಆ್ಯಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಈ ಗುಂಪಿನವು. ಕೊನೆಯದಕ್ಕೂ ಎಚ್‌ಎಲ್‌ಎ-ಬಿ27 ಎಂಬ ಆನುವಂಶಿಕ ಗುರುತಿಗೂ ಇರುವ ನಂಟು 1973ರಲ್ಲಿ ಬೆಳಕಿಗೆ ಬಂತು.

ಗುರುತು ಸವೆತಕ್ಕೆ ತದ್ವಿರುದ್ಧ. ಮುಂಜಾನೆ ಕೈಬೆರಳು ಮಡಚಲಾಗದ ಬಿಗಿತ ಗಂಟೆಗಟ್ಟಲೆ ಉಳಿಯುತ್ತದೆ, ಕೆಲಸ ಮಾಡುತ್ತ ಹೋದಂತೆ ಸಡಿಲಾಗುತ್ತದೆ. ಅನುಭವಿ ವೈದ್ಯರು ಕೈಕುಲುಕುವಂತೆ ರೋಗಿಯ ಅಂಗೈಯನ್ನು ಅಡ್ಡಲಾಗಿ ಹಿಡಿದು ಬೆರಳಬುಡದ ಗಂಟುಗಳನ್ನು ಮೆಲ್ಲಗೆ ಒತ್ತುತ್ತಾರೆ. ಅಷ್ಟಕ್ಕೇ ರೋಗಿ ಮುಖ ಕಿವುಚಿದರೆ ಒಳಗೆ ಬಾವು ಇರುವ ಸಂಭವ ಹೆಚ್ಚು. ಯಂತ್ರವಿಲ್ಲದ, ಖರ್ಚಿಲ್ಲದ ಪರೀಕ್ಷೆಯಿದು.

ಗೊಂದಲ ಹುಟ್ಟುವುದು ರಕ್ತಪರೀಕ್ಷೆಯಲ್ಲಿ. ರುಮಟಾಯ್ಡ್ ಫ್ಯಾಕ್ಟರ್ ಆರೋಗ್ಯವಂತರಲ್ಲಿಯೂ ಕೆಲವರಿಗೆ ಪಾಸಿಟಿವ್ ಬರುತ್ತದೆ; ರೋಗವಿರುವ ಎಷ್ಟೋ ಮಂದಿಗೆ ನೆಗೆಟಿವ್ ಬರುತ್ತದೆ. ಈಚಿನ ಆ್ಯಂಟಿ-ಸಿಸಿಪಿ ಪರೀಕ್ಷೆ ಹೆಚ್ಚು ನಿಖರ, ಆದರೂ ಅದಕ್ಕೂ ಸಿಗದವರಿದ್ದಾರೆ. ಎಕ್ಸ್‌ರೇಯಲ್ಲಿ ಕೊರೆತ ಕಾಣುವ ಹೊತ್ತಿಗೆ ಹಾನಿಯಾಗಿಯೇ ಇರುತ್ತದೆ. 1987ರ ಮಾನದಂಡಗಳು ಬೆಳೆದ ರೋಗವನ್ನು ಗುರುತಿಸಲು ಹೊಂದುತ್ತಿದ್ದವು. 2010ರ ಹೊಸ ಮಾನದಂಡಗಳನ್ನು ರೂಪಿಸಿದ್ದೇ ರೋಗವನ್ನು ಎಳೆಯ ಹಂತದಲ್ಲಿ ಹಿಡಿಯಲಿಕ್ಕಾಗಿ. ವಾರಕ್ಕೊಮ್ಮೆ ಕೊಡುವ ಮೆಥೊಟ್ರೆಕ್ಸೇಟ್‌ನಂಥ ಔಷಧಗಳನ್ನು ಮೊದಲ ತಿಂಗಳುಗಳಲ್ಲೇ ಆರಂಭಿಸಿದರೆ ಕೀಲು ವಕ್ರವಾಗುವುದನ್ನು ಬಹುಮಟ್ಟಿಗೆ ತಡೆಯಬಹುದು. ಈ ಪಂಥದ ದೊಡ್ಡ ಕೊಡುಗೆ ಈ ತುರ್ತಿನ ಅರಿವು.

ಇಲ್ಲಿ ದುಡಿಮೆಯ ವಾದವೂ ಮರಳಿ ಸೇರುತ್ತದೆ. ಕಲ್ಲಿನ ಸಿಲಿಕಾ ದೂಳನ್ನು ಉಸಿರಾಡುವವರಲ್ಲಿ ರುಮಟಾಯ್ಡ್ ಹೆಚ್ಚೆಂದು ಹೊರದೇಶಗಳ ಅಧ್ಯಯನಗಳು ತೋರಿಸಿವೆ. ಧೂಮಪಾನವೂ ಅಪಾಯವನ್ನು ಹೆಚ್ಚಿಸುತ್ತದೆ. ಗ್ರಾನೈಟ್ ಗಣಿಗಳ ನಾಡಿಗೆ ಇದು ದೂರದ ಸುದ್ದಿಯಲ್ಲ.

ವಂಶದ ವಾದ: ಹಂದಿಗೋಡಿನ ಪಾಠ

ಕಾರಣ ತಿಳಿಯದ ಕೀಲುರೋಗಕ್ಕೆ ಕರ್ನಾಟಕದ ಅತಿ ಪ್ರಸಿದ್ಧ ಉದಾಹರಣೆ ಮಲೆನಾಡಿನದು. 1970ರ ದಶಕದ ನಡುವಿನಲ್ಲಿ ಶಿವಮೊಗ್ಗ ಜಿಲ್ಲೆ ಸಾಗರ ತಾಲ್ಲೂಕಿನ ಹಂದಿಗೋಡು ಗ್ರಾಮದಲ್ಲಿ ಸೊಂಟ, ಮೊಣಕಾಲುಗಳ ನೋವಿನಿಂದ ಶುರುವಾಗಿ ನಡೆಯಲಾಗದ ಸ್ಥಿತಿಗೆ ಒಯ್ಯುವ ರೋಗ ಬೆಳಕಿಗೆ ಬಂತು. ಪೀಡಿತರು ಬಹುಪಾಲು ಬಡ ದಲಿತ ಕುಟುಂಬಗಳವರು. ಪೋಷಣಾ ಸಂಸ್ಥೆಯ ಭಟ್ ಮತ್ತು ಕೃಷ್ಣಮಾಚಾರಿ 1977ರಲ್ಲಿ ಇದನ್ನು ಮಲೆನಾಡಿನ ಕೌಟುಂಬಿಕ ಸಂಧಿವಾತವೆಂದು ವಿವರಿಸಿದರು.

ಆಗ ಎದ್ದ ವಾದಗಳು ಹಲವು. ಗದ್ದೆಗೆ ಸಿಂಪಡಿಸಿದ ಕೀಟನಾಶಕ, ಆ ಗದ್ದೆಯ ಏಡಿ–ಮೀನು ತಿಂದವರ ದೇಹ ಸೇರಿತೆಂಬುದು ಒಂದು. ಅಪೌಷ್ಟಿಕತೆ ಇನ್ನೊಂದು. ಕುಟುಂಬಗಳ ವಂಶವೃಕ್ಷ ನೋಡಿದಾಗ ತಲೆಮಾರಿನಿಂದ ತಲೆಮಾರಿಗೆ ಇಳಿಯುವುದು ಕಂಡಿತು. 1994ರಲ್ಲಿ ಪ್ರಕಟವಾದ ಅಗರವಾಲ್ ತಂಡದ ಎಕ್ಸ್‌ರೇ ಅಧ್ಯಯನ ಇದನ್ನು ಬೆನ್ನೆಲುಬು ಮತ್ತು ಉದ್ದ ಮೂಳೆಗಳ ತುದಿಗಳ ಬೆಳವಣಿಗೆಯ ಆನುವಂಶಿಕ ದೋಷವೆಂದು ಗುರುತಿಸಿತು. ದಕ್ಷಿಣ ಆಫ್ರಿಕದ ಮಸೆಲೇನಿ ರೋಗದೊಂದಿಗೆ ಇದನ್ನು ಹೋಲಿಸಲಾಯಿತು.

ಹಂದಿಗೋಡು ಕಲಿಸಿದ್ದು ಎರಡು. ಮೊದಲನೆಯದು, ಒಂದು ಊರಿನಲ್ಲಿ ಹರಡಿದ ರೋಗಕ್ಕೆ ನೀರೋ ವಿಷವೋ ಕಾರಣವೆಂದು ಊಹಿಸುವುದು ಸಹಜ, ಆದರೆ ವಂಶವೃಕ್ಷ ಬರೆಯದೆ ತೀರ್ಮಾನಕ್ಕೆ ಬರಬಾರದು. ಎರಡನೆಯದು, ರೋಗಕ್ಕೆ ಹೆಸರು ಸಿಕ್ಕರೂ ಚಿಕಿತ್ಸೆ ಸಿಗದೆ ಇರಬಹುದು. ಆಗ ಪಿಂಚಣಿ, ಊರುಗೋಲು, ಶಸ್ತ್ರಚಿಕಿತ್ಸೆ, ಉದ್ಯೋಗಗಳೇ ಆ ಕುಟುಂಬಗಳಿಗೆ ನ್ಯಾಯ.

ನರವ್ಯೂಹದ ವಾದ

ಎಲ್ಲ ಪರೀಕ್ಷೆಗಳೂ ಸಹಜವಾಗಿದ್ದು ಮೈತುಂಬ ನೋವಿರುವವರ ಬಗ್ಗೆ ಇತ್ತೀಚಿನ ಪಂಥ ಮಾತಾಡುತ್ತದೆ. 1965ರಲ್ಲಿ ಮೆಲ್ಜಾಕ್ ಮತ್ತು ವಾಲ್ ನೋವಿನ ಸಂಕೇತ ಬೆನ್ನುಹುರಿಯಲ್ಲೇ ಹೆಚ್ಚುಕಡಿಮೆಯಾಗಬಲ್ಲದು ಎಂಬ ಸಿದ್ಧಾಂತ ಮಂಡಿಸಿದರು. 1990ರಲ್ಲಿ ಫೈಬ್ರೊಮಯಾಲ್ಜಿಯಕ್ಕೆ ಅಮೆರಿಕದಲ್ಲಿ ಮಾನದಂಡ ಬಂತು: ಗೊತ್ತುಪಡಿಸಿದ 18 ಬಿಂದುಗಳಲ್ಲಿ 11 ನೋಯಬೇಕು. 2010ರಲ್ಲಿ ಬಿಂದುಗಳ ಎಣಿಕೆ ಬಿಟ್ಟು ನೋವಿನ ಹರವು, ನಿದ್ದೆ, ದಣಿವು, ಮಂಕುತನಗಳನ್ನು ಲೆಕ್ಕಕ್ಕೆ ತಂದರು. ಅಂಗಾಂಶಕ್ಕೆ ಗಾಯವಿಲ್ಲದೆಯೂ ನೋವನ್ನು ಸಂಸ್ಕರಿಸುವ ವ್ಯವಸ್ಥೆ ಬದಲಾದಾಗ ನೋವು ಉಳಿಯಬಲ್ಲದು ಎಂಬುದನ್ನು ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘ 2017ರಲ್ಲಿ ಪ್ರತ್ಯೇಕ ಬಗೆಯಾಗಿ ಒಪ್ಪಿತು.

ರುಮಟಾಯ್ಡ್ ಹತೋಟಿಗೆ ಬಂದ ಮೇಲೂ ನೋವು ಏಕೆ ಉಳಿಯುತ್ತದೆ, ಚಿಂತೆ ಮತ್ತು ನಿದ್ದೆಗೇಡಿನಲ್ಲಿ ಏಕೆ ಹೆಚ್ಚುತ್ತದೆ ಎಂಬುದನ್ನು ಈ ವಾದ ಚೆನ್ನಾಗಿ ವಿವರಿಸುತ್ತದೆ. ಅಪಾಯವೂ ಇದೆ. ಹೆಂಗಸರ ನೋವನ್ನು ‘ಮನಸಿನ ಕಾಯಿಲೆ’ ಎಂದು ಬದಿಗೊತ್ತಲು ಇದನ್ನು ಬಳಸಿಕೊಳ್ಳಬಹುದು. ಥೈರಾಯ್ಡ್ ಕೊರತೆ, ಡಿ ಜೀವಸತ್ವದ ಕೊರತೆಯಿಂದ ಮೆತ್ತಗಾದ ಮೂಳೆ, ರಕ್ತಹೀನತೆಗಳನ್ನು ತಳ್ಳಿಹಾಕಿದ ಮೇಲೆಯೇ ಈ ಹೆಸರು ಇಡುವುದು ಸರಿ.

ನಿರ್ಣಯ ತಡವಾಗುವುದೇಕೆ

ಕೀಲುರೋಗ ತಜ್ಞರು ದೊಡ್ಡ ನಗರಗಳಲ್ಲಿ ಕೇಂದ್ರೀಕೃತರಾಗಿದ್ದಾರೆ. ಅಮೀನಗಡದವರು ಬಾಗಲಕೋಟೆ, ವಿಜಯಪುರ, ಹುಬ್ಬಳ್ಳಿ, ಬೆಳಗಾವಿಗಳ ವೈದ್ಯಕೀಯ ಕಾಲೇಜು ಆಸ್ಪತ್ರೆಗಳತ್ತ ಹೋಗಬೇಕು. ಒಂದು ಭೇಟಿಗೆ ದಿನಗೂಲಿ, ಬಸ್ಸು, ಜೊತೆಗೊಬ್ಬರು. ಪ್ರತಿ ಆಸ್ಪತ್ರೆಯಲ್ಲಿ ಅವೇ ಪರೀಕ್ಷೆಗಳು ಮೊದಲಿಂದ. ಹಳೆಯ ಕಾಗದಗಳು ಕಳೆದಿರುತ್ತವೆ.

ಅದಕ್ಕಿಂತ ದೊಡ್ಡ ತಡೆ ಸ್ಟೆರಾಯ್ಡ್. ಹೆಸರಿಲ್ಲದ ಪುಡಿ, ಬಣ್ಣದ ಗುಳಿಗೆ, ‘ಒಂದ ಸೂಜಿಗೆ ಆರಾಮ’ ಎಂಬ ಚಿಕಿತ್ಸೆಗಳಲ್ಲಿ ಅದು ಅಡಗಿರುವುದುಂಟು. ಬಾವು ತಾತ್ಕಾಲಿಕವಾಗಿ ಇಳಿದು ರೋಗದ ಗುರುತುಗಳು ಮಸುಕಾಗುತ್ತವೆ. ದೀರ್ಘ ಬಳಕೆಯಿಂದ ಮಧುಮೇಹ, ಮೂಳೆ ಟೊಳ್ಳಾಗುವಿಕೆ, ಸೊಂಟದ ಕೀಲಿನ ಮೂಳೆ ಸಾಯುವುದು ಸಂಭವಿಸಿ, ನೋವಿಗೆ ಹೊಸ ಕಾರಣವೇ ಸೇರಿಕೊಳ್ಳುತ್ತದೆ. ದಿನಾ ತೆಗೆದುಕೊಳ್ಳುವ ನೋವುನಿವಾರಕಗಳು ಹೊಟ್ಟೆ ಮತ್ತು ಮೂತ್ರಪಿಂಡಗಳನ್ನು ಕೆಡಿಸುತ್ತವೆ. ಸ್ಟೆರಾಯ್ಡ್ ಬಹುದಿನ ಸೇವಿಸಿದವರು ಅದನ್ನು ತಟ್ಟನೆ ಬಿಡುವುದೂ ಅಪಾಯ. ವೈದ್ಯರ ನಿಗಾದಲ್ಲಿ ಇಳಿಸಬೇಕು.

ಹೆಸರು ಸಿಗುವ ತನಕ ಬದುಕು

ರೋಗನಿರ್ಣಯದ ಅರ್ಧ ಕೆಲಸ ಸರಿಯಾದ ಪ್ರಶ್ನೆಗಳಲ್ಲಿದೆ. ಬಿಗಿತ ಎಷ್ಟು ಹೊತ್ತು, ಯಾವ ಕೀಲು ಮೊದಲು, ಊತವಿತ್ತೇ? ಜ್ವರ ಬಂದಿತ್ತೇ, ಮೈಮೇಲೆ ಬೊಕ್ಕೆ ಎದ್ದಿತ್ತೇ, ಕಣ್ಣು ಕೆಂಪಾಗಿತ್ತೇ? ಯಾವ ನೀರು ಎಷ್ಟು ವರ್ಷ, ಅಡುಗೆಗೂ ಅದೇ ನೀರೇ? ಮಗ್ಗವೇ, ಗಣಿಯೇ, ಹೊಲವೇ, ಕುರಿಯೇ? ಮನೆಯಲ್ಲಿ ಮತ್ತಾರಿಗಿದೆ? ಈ ಉತ್ತರಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದು, ಊತ ಬಂದ ದಿನದ ಮೊಬೈಲ್ ಫೋಟೊ, ಹಳೆಯ ವರದಿಗಳು, ತೆಗೆದುಕೊಂಡ ಗುಳಿಗೆಯ ಪೊಟ್ಟಣಗಳನ್ನು ಒಂದೇ ಕಡತದಲ್ಲಿಟ್ಟು ಒಯ್ದರೆ ತಜ್ಞರ ಹತ್ತು ನಿಮಿಷ ಸದುಪಯೋಗವಾಗುತ್ತದೆ.

ಹೆಸರು ಸಿಗುವ ಮುಂಚೆಯೂ ಮಾಡಬಹುದಾದ್ದು ಸಾಕಷ್ಟಿದೆ. ತೊಡೆ ಮತ್ತು ಬೆನ್ನಿನ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮ, ಮಗ್ಗದ ಕೆಲಸದ ನಡುವೆ ಆಗಾಗ ಏಳುವುದು, ನೆಲದ ಬದಲು ಎತ್ತರದ ಕಟ್ಟೆಯಲ್ಲಿ ಅಡುಗೆ, ನಿದ್ದೆಯ ಶಿಸ್ತು, ಅಡುಗೆಗೂ ಫ್ಲೋರೈಡ್ ಇಲ್ಲದ ನೀರು, ಹಾಲು ಕಾಯಿಸಿ ಕುಡಿಯುವುದು: ಕಾರಣ ಯಾವುದೇ ಇರಲಿ, ಇವು ನಷ್ಟ ಮಾಡುವುದಿಲ್ಲ. ಖಚಿತವಲ್ಲದ ಕೀಲುಬಾವು ಕೆಲವರಲ್ಲಿ ತಾನಾಗಿ ಶಮನವಾಗುತ್ತದೆ, ಕೆಲವರಲ್ಲಿ ಕ್ರಮೇಣ ಸ್ಪಷ್ಟ ರೋಗವಾಗಿ ಬೆಳೆಯುತ್ತದೆ. ಆದ್ದರಿಂದ ‘ನಾರ್ಮಲ್’ ಎಂದ ವರದಿ ಕೊನೆಯ ಮಾತಲ್ಲ, ಕೆಲವು ತಿಂಗಳ ನಂತರದ ಮರುಪರೀಕ್ಷೆ ಅಗತ್ಯ.

ಇನ್ನೂ ತೀರ್ಮಾನವಾಗದ ಪ್ರಶ್ನೆಗಳು

ಎಕ್ಸ್‌ರೇಯಲ್ಲಿ ಏನೂ ಕಾಣದ ಹಂತದ ನೋವಿನಲ್ಲಿ ಫ್ಲೋರೈಡ್‌ನ ಪಾಲೆಷ್ಟು ಎಂಬುದು ಇತ್ಯರ್ಥವಾಗಿಲ್ಲ. ಜೋಳದ ಊಟ, ಕ್ಯಾಲ್ಸಿಯಂ ಕೊರತೆ ಮತ್ತು ಫ್ಲೋರೈಡ್ ಒಟ್ಟು ಸೇರಿದಾಗಿನ ಪರಿಣಾಮ ಚರ್ಚೆಯಲ್ಲಿದೆ. ಚಿಕೂನ್‌ಗುನ್ಯಾ ನಂತರದ ನೋವು ಕೀಲಿನಲ್ಲಿ ಉಳಿದ ವೈರಾಣು ಅಂಶದಿಂದಲೋ, ಕೆರಳಿದ ರೋಗನಿರೋಧಕ ವ್ಯವಸ್ಥೆಯಿಂದಲೋ ಎಂಬ ಬಗ್ಗೆ ಒಮ್ಮತವಿಲ್ಲ. ರಕ್ತದಲ್ಲಿ ಗುರುತು ಸಿಗದ ಆರಂಭಿಕ ಬಾವು ಯಾರಲ್ಲಿ ರುಮಟಾಯ್ಡ್ ಆಗುತ್ತದೆ, ಯಾರಲ್ಲಿ ಅಳಿಯುತ್ತದೆ ಎಂಬುದನ್ನು ಮುಂಚಿತವಾಗಿ ಹೇಳುವ ಪರೀಕ್ಷೆ ಇಲ್ಲ. ನರವ್ಯೂಹದ ನೋವನ್ನು ಅಳೆಯುವ ರಕ್ತಪರೀಕ್ಷೆಯೂ ಇಲ್ಲ. ಒಬ್ಬರಲ್ಲೇ ಎರಡು ಮೂರು ಕಾರಣಗಳು ಕೂಡಿದಾಗ ಯಾವುದರ ಪಾಲು ಎಷ್ಟು ಎಂದು ತೂಗುವ ವಿಧಾನ ಇನ್ನೂ ರೂಪುಗೊಳ್ಳಬೇಕಿದೆ.

ಈ ಪಂಥಗಳಲ್ಲಿ ಒಂದನ್ನೇ ಹಿಡಿದು ಕೂರುವ ವೈದ್ಯಕೀಯ ಅಮೀನಗಡದಂಥ ಸೀಮೆಗೆ ಸಾಲದು. ಭಿಗ್ವಣದಲ್ಲಿ ನಡೆದಂತೆ ಇಲ್ಲಿಯೂ ಮನೆಮನೆಯ ಸಮೀಕ್ಷೆ ನಡೆಯಬೇಕು. ನೀರಿನ ಅಳತೆ, ಕಸುಬಿನ ವಿವರ, ಬ್ರುಸೆಲ್ಲಾ ಪರೀಕ್ಷೆ ಮತ್ತು ಕೀಲುಗಳ ತಪಾಸಣೆ ಒಂದೇ ದಾಖಲೆಯಲ್ಲಿ ಸೇರಬೇಕು. ಜಿಲ್ಲಾ ಮಟ್ಟದಲ್ಲಿ ಕೀಲುರೋಗ ತಜ್ಞರ ನಿಯತ ಹೊರರೋಗಿ ವಿಭಾಗ ಇರಬೇಕು. ಕಾರಣ ಸಿಕ್ಕಿಲ್ಲ ಎಂಬುದು ವೈದ್ಯಕೀಯ ಮುಗಿಸಬೇಕಾದ ಕೆಲಸ. ರೋಗಿಯ ಮಾತನ್ನು ಅಪನಂಬಿಕೆಯಿಂದ ನೋಡಲು ಅದು ಆಧಾರವಾಗಬಾರದು.